ಮೂರು ಕಿಲೋವಾಟ್ ಸೋಲಾರಿಗೆ ಬ್ಯಾಟರಿ ಸೇರಿಸಿದ ಬಗೆ: ಮಲೆನಾಡಿನ ಒಂದು ಮನೆಯ ಪ್ರಕರಣ

ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ. ದಕ್ಷಿಣಕ್ಕೆ ಇಳಿದ ಮಾಡಿನ ಮೇಲೆ 335 ವಾಟಿನ ಒಂಬತ್ತು ಪಾಲಿ ಪ್ಯಾನೆಲ್, ಎಲ್ಲ ಒಂದರ ಹಿಂದೊಂದು ಸೇರಿ ಒಂದೇ ಸ್ಟ್ರಿಂಗ್. ಜಗಲಿ ಗೋಡೆಯಲ್ಲಿ 3 ಕಿಲೋವಾಟಿನ ಸಿಂಗಲ್ ಫೇಸ್ ಗ್ರಿಡ್-ಟೈ ಇನ್ವರ್ಟರ್, ಸರ್ವಿಸ್ ವೈರ್ ಬಂದಿಳಿಯುವಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂನ ನೆಟ್ ಮೀಟರ್. ನಾಲ್ಕು ವರ್ಷದಿಂದ ತಕರಾರಿಲ್ಲದೆ ನಡೆದಿದೆ, ಬಿಲ್ಲು ನಿಗದಿತ ಶುಲ್ಕದ ಹತ್ತಿರಕ್ಕೆ ಇಳಿದಿದೆ. ಮನೆಯವರ ದೂರು ಒಂದೇ: “ಇಷ್ಟು ಬಿಸಿಲಿದೆ, ಮಾಡಿನ ಮೇಲೆ ಪ್ಯಾನೆಲ್ ಇದೆ, ಆದ್ರೂ ಕರೆಂಟ್ ಹೋದ್ರೆ ಮಿಕ್ಸಿ ತಿರುಗಲ್ಲ ಅಂದ್ರೆ ಹೆಂಗೆ?”

ತಿರುಗಬಾರದು ಎಂದೇ ಅದನ್ನು ಮಾಡಿರುವುದು. ಗ್ರಿಡ್-ಟೈ ಇನ್ವರ್ಟರ್ ಲೈನಿನ 230 ವೋಲ್ಟ್, 50 ಹರ್ಟ್ಸ್ ನೋಡಿಕೊಂಡು ಅದಕ್ಕೆ ತಾಳ ಹಾಕುವ ಯಂತ್ರ. ತಾಳ ನಿಂತರೆ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಸತ್ತ ಲೈನ್ ಎಂದುಕೊಂಡು ಜೀವ ಇರುವ ತಂತಿಗೆ ಕೈ ಹಾಕುತ್ತಾನೆ. ಕೆಲವರು ಹಳೆಯ ಯುಪಿಎಸ್‌ನ ಔಟ್‌ಪುಟ್ಟನ್ನು ಈ ಇನ್ವರ್ಟರಿಗೆ ತೋರಿಸಿ ಮೋಸಗೊಳಿಸಲು ನೋಡುವುದುಂಟು. ಅದು ಬೇಡವೇ ಬೇಡ. ಮನೆಯ ಬಳಕೆ 300 ವಾಟ್ ಇದ್ದು ಪ್ಯಾನೆಲ್ 2,000 ವಾಟ್ ಕೊಟ್ಟರೆ ಉಳಿದ 1,700 ವಾಟ್ ಯುಪಿಎಸ್‌ನೊಳಗೆ ನುಗ್ಗುತ್ತದೆ. ಅದಕ್ಕೆ ಹೋಗಲು ಜಾಗವಿಲ್ಲ, ವೋಲ್ಟೇಜ್ ಏರುತ್ತದೆ, ಮೊದಲು ಸುಡುವುದು ಟಿವಿ ಮತ್ತು ಫ್ರಿಜ್ಜಿನ ಬೋರ್ಡು.

ಬ್ಯಾಟರಿ ಯಾಕೆ ಎಂಬುದು ಮೊದಲು ಇತ್ಯರ್ಥವಾಗಬೇಕು

ಹಗಲಿನ ಸೋಲಾರ್ ರಾತ್ರಿಗೆ ಇಟ್ಟುಕೊಂಡರೆ ದುಡ್ಡು ಉಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ನೆಟ್ ಮೀಟರ್ ಇರುವ ಮನೆಗೆ ಈ ಮಾತು ಹೊಂದುವುದಿಲ್ಲ. ಹಗಲು ಲೈನಿಗೆ ಬಿಟ್ಟ ಒಂದು ಯೂನಿಟ್ ರಾತ್ರಿ ಒಂದು ಯೂನಿಟ್ಟಾಗಿಯೇ ಲೆಕ್ಕಕ್ಕೆ ಬರುತ್ತದೆ. ಅದನ್ನೇ ಬ್ಯಾಟರಿಗೆ ಹಾಕಿ ತೆಗೆದರೆ ನೂರಕ್ಕೆ ಹನ್ನೆರಡರಷ್ಟು ಶಾಖವಾಗಿ ಹೋಗುತ್ತದೆ. ದಿನಕ್ಕೆ 4.6 ಯೂನಿಟ್ ಹೀಗೆ ತಿರುಗಿಸಿದರೆ ಅರ್ಧ ಯೂನಿಟ್ಟಿನ ಮೇಲೆ ನಷ್ಟ. ಯೂನಿಟ್ಟಿಗೆ ₹5.80 ಹಿಡಿದರೆ ವರ್ಷಕ್ಕೆ ಸಾವಿರ ರೂಪಾಯಿಗೂ ಹೆಚ್ಚು, ಬ್ಯಾಟರಿಯ ಸವೆತ ಬೇರೆ. ಪಿಎಂ ಸೂರ್ಯ ಘರ್ ಸಹಾಯಧನವೂ ಪ್ಯಾನೆಲ್ ಕಿಲೋವಾಟಿನ ಮೇಲೆ ಸಿಗುವಂಥದ್ದು. ಬ್ಯಾಟರಿಗೆ ಅದರಿಂದ ಏನೂ ಬರುವುದಿಲ್ಲ.

ಹಾಗಾಗಿ ಈ ಮನೆಯಲ್ಲಿ ಬ್ಯಾಟರಿಯ ಕೆಲಸ ಒಂದೇ: ಕರೆಂಟ್ ಹೋದಾಗ ಮನೆ ನಡೆಸುವುದು. ಅಳತೆ, ವೈರಿಂಗ್, ಸೆಟ್ಟಿಂಗ್ ಎಲ್ಲ ಅದರ ಹಿಂದೆ ಬರಬೇಕು. ಮಲೆನಾಡಿನ ಪೇಚು ಏನೆಂದರೆ ಕರೆಂಟ್ ಹೋಗುವುದೂ ಬಿಸಿಲು ಇಲ್ಲದಿರುವುದೂ ಒಂದೇ ಕಾಲದಲ್ಲಿ. ಫೆಬ್ರವರಿಯಲ್ಲಿ 12–13 ಯೂನಿಟ್ ಕೊಡುವ ಇದೇ ಪ್ಯಾನೆಲ್ ಜುಲೈಯಲ್ಲಿ ಜಡಿಮಳೆ ಹಿಡಿದ ದಿನ ಮೂರ್ನಾಲ್ಕು ಯೂನಿಟ್ ಕೊಟ್ಟರೆ ಹೆಚ್ಚು. ಮರದ ಕೊಂಬೆ 11 ಕೆವಿ ಲೈನಿನ ಮೇಲೆ ಬೀಳುವುದೂ ಆಗಲೇ. ಅಂದರೆ ಮಳೆಗಾಲದಲ್ಲಿ ಈ ಬ್ಯಾಟರಿ ತುಂಬಬೇಕಾದದ್ದು ಹೆಚ್ಚಾಗಿ ಲೈನಿನ ಕರೆಂಟಿನಿಂದ, ಅದೂ ಎರಡು ಕಡಿತಗಳ ನಡುವೆ ಸಿಗುವ ನಾಲ್ಕೈದು ಗಂಟೆಯಲ್ಲಿ.

ಟ್ಯುಬುಲರ್ ಎಂಬ ಲೆಡ್ ಆಸಿಡ್ ಬ್ಯಾಟರಿ ಬಿಟ್ಟು ಲಿಥಿಯಂಗೆ ಹೋದದ್ದು ಈ ಕಾರಣಕ್ಕೆ. ಆಯಸ್ಸಿನ ಮಾತು ಆಮೇಲಿನದು. 150 ಎಎಚ್‌ನ ಎರಡು ಟ್ಯುಬುಲರ್ ಸೇರಿದರೆ 3.6 ಯೂನಿಟ್, ಅದರಲ್ಲಿ ಅರ್ಧ ಬಳಸಿದರೆ ಬ್ಯಾಟರಿ ಬಾಳುತ್ತದೆ. ಖಾಲಿಯಾದದ್ದು ಮತ್ತೆ ತುಂಬಲು ಹತ್ತು ಗಂಟೆ ಹಿಡಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ 100 ಎಎಚ್ ಪ್ಯಾಕನ್ನು 25 ಆಂಪ್‌ನಲ್ಲಿ ಚಾರ್ಜಿಗೆ ಹಾಕಿದರೂ ನಾಲ್ಕು ಗಂಟೆಯಲ್ಲಿ ಭರ್ತಿ. ಹಾಗೆಂದು ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಕರೆಂಟ್ ಹೋಗುವ ಪೇಟೆ ಮನೆಗೆ ಇಷ್ಟೆಲ್ಲ ಬೇಕಿಲ್ಲ. ಸೋಲಾರನ್ನು ಮುಟ್ಟದೆ ಪಕ್ಕದಲ್ಲಿ ಒಂದು ಮಾಮೂಲಿ ಯುಪಿಎಸ್ ಇಟ್ಟರೆ ಸಾಕು.

ಲೆಕ್ಕ

ಹನ್ನೆರಡು ಗಂಟೆ ಸತತ ಕರೆಂಟ್ ಇಲ್ಲದ ದಿನವನ್ನು ಅಳತೆಗೆ ಹಿಡಿಯಲಾಯಿತು. 9 ವಾಟಿನ ಎಂಟು ದೀಪ ಐದು ಗಂಟೆ, 360 ವಾಟ್-ಅವರ್. 30 ವಾಟಿನ ಎರಡು ಬಿಎಲ್‌ಡಿಸಿ ಫ್ಯಾನ್ ಆರು ಗಂಟೆ, 360. ಒಂದು ಬಾಗಿಲ ಫ್ರಿಜ್, ಸುಮಾರು 400. ವೈಫೈ ಪೆಟ್ಟಿಗೆ 15 ವಾಟ್, 180. ಮನೆಯಿಂದಲೇ ಕೆಲಸ ಮಾಡುವ ಇಬ್ಬರ ಲ್ಯಾಪ್‌ಟಾಪ್ ಆರು ಗಂಟೆ, 600. ಟಿವಿ ಮೂರು ಗಂಟೆ, 240. 750 ವಾಟಿನ ಮಿಕ್ಸಿ ಕಾಲು ಗಂಟೆ, 190. ಮೊಬೈಲ್ ಚಾರ್ಜಿಂಗ್ 50. ಒಟ್ಟು 2.38 ಯೂನಿಟ್. ಬ್ಯಾಟರಿಯ ಡಿಸಿ ಕರೆಂಟ್ ಮನೆಯ ಎಸಿ ಕರೆಂಟ್ ಆಗುವಾಗಿನ ನಷ್ಟ ಸೇರಿ 2.56.

ಇಲ್ಲಿಗೇ ನಿಲ್ಲಿಸುವವರು ತಪ್ಪುತ್ತಾರೆ. ಇನ್ವರ್ಟರ್ ತಾನು ಎಚ್ಚರವಾಗಿರಲು ಸುಮಾರು 50 ವಾಟ್ ತಿನ್ನುತ್ತದೆ. ಹನ್ನೆರಡು ಗಂಟೆಗೆ 0.6 ಯೂನಿಟ್. ಮನೆಯ ಎಲ್ಲ ದೀಪಗಳಿಗಿಂತ ಅದರ ಊಟವೇ ಹೆಚ್ಚು! ಕೂಡಿದರೆ 3.16 ಯೂನಿಟ್. 51.2 ವೋಲ್ಟ್, 100 ಎಎಚ್ ಪ್ಯಾಕ್ 5.12 ಯೂನಿಟ್ ಹಿಡಿಯುತ್ತದೆ, ಕೆಳಗಿನ ಹತ್ತು ಪರ್ಸೆಂಟ್ ಮುಟ್ಟದೆ 4.6. ಇದೇ ಬಳಕೆಯಲ್ಲಿ ಹದಿನೇಳು ಗಂಟೆ ಬರುತ್ತದೆ. ಒಂದು ಪ್ಯಾಕ್ ಸಾಕು.

ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಬಾವಿಯ ಪಂಪು ಪಟ್ಟಿಯಲ್ಲಿಲ್ಲ. ಬಚ್ಚಲಲ್ಲಿ ಹಂಡೆ ಇರುವ ಮನೆಯಲ್ಲಿ ಗೀಸರಿಗೆ ಬ್ಯಾಟರಿ ಖರ್ಚು ಮಾಡುವುದು ದಂಡ.

ಹಳೆಯ ಇನ್ವರ್ಟರ್ ಉಳಿಸುವುದೋ, ಬದಲಿಸುವುದೋ

ಎರಡು ದಾರಿ ಇತ್ತು. ಹಳೆಯದನ್ನು ಹಾಗೇ ಬಿಟ್ಟು ಎಸಿ ಕಡೆಯಲ್ಲಿ ಇನ್ನೊಂದು ಬ್ಯಾಟರಿ ಇನ್ವರ್ಟರ್ ಸೇರಿಸುವುದು ಒಂದು. ಇದರಲ್ಲಿ ಲೈನ್ ಹೋದಾಗ ಬ್ಯಾಟರಿ ಇನ್ವರ್ಟರ್ 50 ಹರ್ಟ್ಸ್ ತೋರಿಸುತ್ತದೆ, ಹಳೆಯದು ಅದನ್ನೇ ಲೈನ್ ಎಂದು ನಂಬಿ ಓಡುತ್ತದೆ. ಬ್ಯಾಟರಿ ತುಂಬಿದಾಗ ಫ್ರೀಕ್ವೆನ್ಸಿ ಏರಿಸಿ ಅದನ್ನು ಹದಕ್ಕೆ ತರಬೇಕು. ನಮ್ಮ ಗ್ರಿಡ್ ನಿಯಮಕ್ಕೆ ಹೊಂದಿಸಿದ ಹಳೆಯ ಯಂತ್ರ 50.5 ಹರ್ಟ್ಸ್ ದಾಟಿದ ಕೂಡಲೇ ನಿಧಾನವಾಗುವ ಬದಲು ಒಮ್ಮೆಲೇ ಬಿದ್ದುಬಿಡುತ್ತದೆ. ಮತ್ತೆ ಏಳಲು ನಿಮಿಷಗಟ್ಟಲೆ ಕಾಯುತ್ತದೆ, ಎದ್ದು ಮತ್ತೆ ಬೀಳುತ್ತದೆ. ಇನ್ನೊಂದು ತೊಡಕು ಬ್ಯಾಟರಿಯದು. 100 ಎಎಚ್ ಪ್ಯಾಕಿಗೆ ಹಿತವಾದ ಚಾರ್ಜಿಂಗ್ 50 ಆಂಪ್, ಅಂದರೆ 2.5 ಕಿಲೋವಾಟ್. ಪ್ಯಾನೆಲ್ಲೋ 3 ಕಿಲೋವಾಟಿನದು. ಮಧ್ಯಾಹ್ನ ಲೈನೂ ಇಲ್ಲ, ಬಳಕೆಯೂ ಇಲ್ಲ ಎಂದರೆ ಉಳಿದದ್ದಕ್ಕೆ ದಾರಿಯಿಲ್ಲ.

ಆದ್ದರಿಂದ ಹಳೆಯದನ್ನು ಇಳಿಸಿ, ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ನಡೆಸುವ ಹೈಬ್ರಿಡ್ ಇನ್ವರ್ಟರ್ ಹಾಕುವುದೆಂದಾಯಿತು. ಮೊದಲ ಕೊಟೇಶನ್ 5 ಕಿಲೋವಾಟಿನದು ಬಂದಿತ್ತು. ಬ್ಯಾಕಪ್ ಕಡೆ ಮಿಕ್ಸಿ, ಫ್ರಿಜ್ ಒಟ್ಟಿಗೆ ಎದ್ದರೂ 2 ಕಿಲೋವಾಟ್ ದಾಟದ ಮನೆಗೆ 5 ಯಾಕೆ? ಮೆಸ್ಕಾಂ ಮಂಜೂರು ಮಾಡಿರುವುದೂ 3 ಕಿಲೋವಾಟ್. 3 ಕಿಲೋವಾಟಿನದೇ ಆಯ್ಕೆಯಾಯಿತು. ಇನ್ವರ್ಟರ್ ಬದಲಾದರೆ ಮಂಜೂರಾತಿ ಕಡತದಲ್ಲಿರುವ ಮಾಡೆಲ್, ಸೀರಿಯಲ್ ನಂಬರೂ ಬದಲಾಗುತ್ತದೆ; ಹೊಸದರ ಡೇಟಾಶೀಟ್, ಪರೀಕ್ಷಾ ಪ್ರಮಾಣಪತ್ರ, ತಿದ್ದಿದ ಸಿಂಗಲ್ ಲೈನ್ ಡಯಾಗ್ರಾಂ ಇಟ್ಟು ಉಪವಿಭಾಗಕ್ಕೆ ಅರ್ಜಿ ಮೊದಲೇ ಕೊಡಬೇಕು. ಹಾಕಿದ ಮೇಲೆ ಹೇಳಿದರಾಯಿತು ಎನ್ನುವವರು ಮುಂದೆ ಮೀಟರ್ ತಕರಾರು ಬಂದಾಗ ಸಿಕ್ಕಿಬೀಳುತ್ತಾರೆ.

ಸ್ಟ್ರಿಂಗ್ ಹೊಂದುತ್ತದೆಯೇ ಎಂದು ನೋಡುವುದು ಕಾಗದದ ಮೇಲೇ ಮುಗಿಯುವ ಕೆಲಸ, ಆದರೆ ಬಿಡುವಂತಿಲ್ಲ. ಪ್ಯಾನೆಲ್ಲೊಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಎಳೆಯದಿದ್ದಾಗಿನದು) 46, ಒಂಬತ್ತಕ್ಕೆ 414. ಡಿಸೆಂಬರಿನ 10 ಡಿಗ್ರಿ ಬೆಳಗಿಗೆ ಅದು 433 ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿಗೆ ಕಾದಾಗ ಕೆಲಸದ ವೋಲ್ಟೇಜ್ 342ರಿಂದ 287ಕ್ಕೆ ಇಳಿಯುತ್ತದೆ. ಇನ್ವರ್ಟರಿನ ಗರಿಷ್ಠ 500, ಪ್ಯಾನೆಲ್ಲಿನಿಂದ ಹೆಚ್ಚು ಕರೆಂಟ್ ಹಿಂಡುವ ಎಂಪಿಪಿಟಿಯ ವ್ಯಾಪ್ತಿ 120ರಿಂದ 450, ಹಾಗಾಗಿ ಸರಿ. ಹೈಬ್ರಿಡ್ ಎಂಬ ಹೆಸರಲ್ಲೇ ಸಿಗುವ ಕೆಲವು ಅಗ್ಗದ ಯಂತ್ರಗಳ ಪ್ಯಾನೆಲ್ ಮಿತಿ 145 ವೋಲ್ಟ್ ಇರುತ್ತದೆ. ಈ ಸ್ಟ್ರಿಂಗ್ ಅದಕ್ಕೆ ಸಿಕ್ಕಿಸಿದರೆ ಆ ಗಳಿಗೆಯಲ್ಲೇ ಮುಗಿಯಿತು.

ಜೋಡಣೆ

ಬಿಚ್ಚುವಾಗ ಮೊದಲು ಎಸಿ ಐಸೊಲೇಟರ್, ಆಮೇಲೆ ಡಿಸಿ ಸ್ವಿಚ್, ಕ್ಲ್ಯಾಂಪ್ ಮೀಟರಿನಲ್ಲಿ ಸೊನ್ನೆ ನೋಡಿ ಕೊನೆಗೆ ಪ್ಯಾನೆಲ್ ವೈರಿನ ಎಂಸಿ4 ಕನೆಕ್ಟರ್. ಓಡುತ್ತಿರುವಾಗ ಎಂಸಿ4 ಎಳೆದರೆ 350 ವೋಲ್ಟಿನ ಡಿಸಿ ಕಿಡಿ ಎಸಿಯ ಹಾಗೆ ತಾನಾಗಿ ಆರುವುದಿಲ್ಲ. ಸೆಲ್ 45 ಡಿಗ್ರಿ ಇದ್ದಾಗ ಬಿಚ್ಚಿದ ಸ್ಟ್ರಿಂಗಿನಲ್ಲಿ 388 ವೋಲ್ಟಿನ ಆಸುಪಾಸು ಕಾಣಬೇಕು; 340 ಕಂಡರೆ ಒಂದು ಪ್ಯಾನೆಲ್ ಲೆಕ್ಕಕ್ಕಿಲ್ಲ ಎಂದೇ ಅರ್ಥ.

ಬ್ಯಾಟರಿಯನ್ನು ಎಲ್ಲಿಡುವುದು ಎಂಬ ಚರ್ಚೆ ವೈರಿಂಗಿಗಿಂತ ಉದ್ದವಾಯಿತು. ಅಟ್ಟದಲ್ಲಿ ಜಾಗವಿತ್ತು, ಆದರೆ ಹೆಂಚಿನ ಕೆಳಗೆ ಬೇಸಗೆಯಲ್ಲಿ ಸುಡುವ ಧಗೆ, ಅಡಿಕೆ ಮೂಟೆಗೆ ಬರುವ ಇಲಿಗಳು ಕೇಬಲ್ ಬಿಡುವುದಿಲ್ಲ. ಬಚ್ಚಲ ಗೋಡೆಯ ಪಕ್ಕ ತೇವ. ಕೊನೆಗೆ ಜಗಲಿಯ ಒಳಗೋಡೆಗೆ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಕಬ್ಬಿಣದ ಬ್ರ್ಯಾಕೆಟ್ ಹಾಕಿ ಕೂರಿಸಲಾಯಿತು. ಪ್ಯಾಕ್ 45 ಕಿಲೋದ ಮೇಲಿದೆ. ಹಳೆಯ ಮಣ್ಣಿನ ಗೋಡೆಗೆ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ, ನೆಲಕ್ಕೆ ಕಾಲು ಕೊಡಬೇಕು.

3 ಕಿಲೋವಾಟನ್ನು 48 ವೋಲ್ಟಿನಿಂದ ಎಳೆದರೆ ನಷ್ಟ ಸೇರಿ 66 ಆಂಪ್. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಎರಡು ಮೀಟರಿನೊಳಗೆ. ಪಾಸಿಟಿವ್ ತುದಿಯಲ್ಲಿ ಬ್ಯಾಟರಿಗೆ ಹತ್ತಿರವೇ 100 ಆಂಪ್‌ನ ಡಿಸಿ ರೇಟಿಂಗ್ ಇರುವ ಎಚ್‌ಆರ್‌ಸಿ ಫ್ಯೂಸ್, ನಂತರ ಎರಡು ಪೋಲಿನ ಡಿಸಿ ಬ್ರೇಕರ್. ಅಂಗಡಿಯಲ್ಲಿ ಸಿಗುವ ಎಸಿ ಎಂಸಿಬಿ ಇಲ್ಲಿ ನಡೆಯುವುದಿಲ್ಲ. ಡಿಸಿ ಬ್ರೇಕರ್‌ಗಳಲ್ಲೂ ಪ್ಲಸ್, ಮೈನಸ್ ಗುರುತಿರುವವನ್ನು ತಿರುವುಮುರುವು ಕೂರಿಸಿದರೆ ಕಿಡಿ ಆರಿಸುವ ಬದಲು ಒಳಗೇ ಹೊತ್ತಿಕೊಳ್ಳುತ್ತದೆ. ಕೇಬಲ್ ತುದಿಯ ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವ ಚಾಳಿ ಇನ್ನೂ ಇದೆ. ಹೈಡ್ರಾಲಿಕ್ ಕ್ರಿಂಪರೇ ಬೇಕು. ಸಂದಿನಲ್ಲಿ ಒಂದು ಮಿಲಿ ಓಮ್ ಹೆಚ್ಚಿದ್ದರೂ 66 ಆಂಪ್‌ಗೆ ನಾಲ್ಕು ವಾಟ್ ಅಲ್ಲೇ ಸುಡುತ್ತಿರುತ್ತದೆ.

ಮೊದಲ ಸಲ ಬ್ರೇಕರ್ ಮೇಲೆತ್ತಿದಾಗ ಪ್ಯಾಕ್ ಶಾರ್ಟ್ ಎಂದು ತೋರಿಸಿ ಮಲಗಿತು. ಶಾರ್ಟ್ ಏನೂ ಇಲ್ಲ. ಇನ್ವರ್ಟರಿನೊಳಗಿನ ಖಾಲಿ ಕೆಪಾಸಿಟರ್‌ಗಳು ಒಂದೇ ಗುಟುಕಿಗೆ ಎಳೆದದ್ದನ್ನು ಪ್ಯಾಕಿನೊಳಗಿನ ಕಾವಲು ಬೋರ್ಡು, ಬಿಎಂಎಸ್, ಹಾಗೆ ಓದಿತು. 100 ವಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಬ್ರೇಕರಿನ ಎರಡೂ ಬದಿಗೆ ಕೆಲವು ಸೆಕೆಂಡ್ ಹಿಡಿದು, ಅದು ಮಂಕಾದ ಮೇಲೆ ಬ್ರೇಕರ್ ಎತ್ತಿದರೆ ಸರಿಹೋಗುತ್ತದೆ.

ಎಸಿ ಕಡೆ ಹೊಸ ಡಿಬಿ (ಸರ್ಕ್ಯೂಟ್ ಹಂಚುವ ಪೆಟ್ಟಿಗೆ) ಒಂದು ಬಂತು. ಇನ್ವರ್ಟರಿನ ಬ್ಯಾಕಪ್ ಟರ್ಮಿನಲ್‌ನಿಂದ 16 ಆಂಪ್ ಡಿಪಿ ಎಂಸಿಬಿ, 25 ಆಂಪ್ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಅಲ್ಲಿಂದ ದೀಪ-ಫ್ಯಾನ್, ಅಡುಗೆಮನೆ ಸಾಕೆಟ್, ಫ್ರಿಜ್, ಕೆಲಸದ ಕೋಣೆ ಎಂದು ನಾಲ್ಕು ಎಂಸಿಬಿ. ಇದರ ಮುಂದೆ ನ್ಯೂಟ್ರಲನ್ನೂ ಬದಲಿಸುವ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್. ಇನ್ವರ್ಟರ್ ಕೆಟ್ಟು ಸರ್ವಿಸ್‌ಗೆ ಹೋದ ವಾರ ಮನೆ ಕತ್ತಲಲ್ಲಿ ಕೂರಬಾರದಲ್ಲ. ಸ್ವಿಚ್ ತಿರುಗಿಸಿದರೆ ಡಿಬಿ ನೇರ ಲೈನಿಗೆ ಹೋಗುತ್ತದೆ. ಬಹಳ ಕಡೆ ಕೊಟೇಶನ್ ಇಳಿಸಲು ಮೊದಲು ಕತ್ತರಿಸುವುದು ಇದನ್ನೇ. ಏಪ್ರಿಲ್-ಮೇ ಸಿಡಿಲಿನ ಸೀಮೆಯಾದ್ದರಿಂದ ಡಿಸಿ, ಎಸಿ ಎರಡೂ ಕಡೆ ಟೈಪ್ 2 ಸರ್ಜ್ ಪ್ರೊಟೆಕ್ಟರ್.

ನ್ಯೂಟ್ರಲ್ಲಿನ ತರಲೆ

ಎಲ್ಲ ಹಾಕಿ ಸ್ವಿಚ್ ಒತ್ತಿದರೆ ನಡುಮನೆಯ ದೀಪ ಹಾಕಿದಾಗಲೆಲ್ಲ ಹೊಸ ಆರ್‌ಸಿಸಿಬಿ ಬೀಳುತ್ತಿತ್ತು. ಆರ್‌ಸಿಸಿಬಿ ಕೆಟ್ಟಿದೆ ಎಂದು ಬದಲಿಸುವುದು ಸಾಮಾನ್ಯ ಪ್ರತಿಕ್ರಿಯೆ, ಬದಲಿಸಿದರೂ ಬೀಳುತ್ತದೆ. ಹಳೆಯ ಮನೆಗಳಲ್ಲಿ ಎರಡು ಕೋಣೆಗೆ ಎರಡು ಫೇಸ್ ಎಳೆದು ನ್ಯೂಟ್ರಲ್ ಮಾತ್ರ ಒಂದೇ ಎಳೆದಿರುತ್ತಾರೆ. ನಡುಮನೆಯ ಫೇಸ್ ಹೊಸ ಡಿಬಿಗೆ ಬಂತು, ಅದರ ನ್ಯೂಟ್ರಲ್ ಹಳೆಯ ಡಿಬಿಯ ಪಟ್ಟಿಯಲ್ಲೇ ಉಳಿಯಿತು. ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸ್ ಬಂದರೆ ಆರ್‌ಸಿಸಿಬಿಗೆ ಅದು ಸೋರಿಕೆ.

ಪತ್ತೆಗೆ ಕ್ಲ್ಯಾಂಪ್ ಮೀಟರ್ ಸಾಕು. ಒಂದೊಂದೇ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯೊಳಗೆ ಹಿಡಿದು ಲೋಡ್ ಹಾಕಬೇಕು. ಸೊನ್ನೆ ಬಂದರೆ ಜೋಡಿ ಸರಿ. 0.3 ಆಂಪ್ ಅಂತೇನಾದರೂ ಬಂದರೆ ಆ ನ್ಯೂಟ್ರಲ್ ಇನ್ನೆಲ್ಲೋ ಸೇರಿದೆ. ಇಲ್ಲಿ ನಡುಮನೆಗೂ ಪಕ್ಕದ ಕೋಣೆಗೂ ಹಂಚಿಕೆಯಾಗಿದ್ದ ನ್ಯೂಟ್ರಲ್ ಸಿಕ್ಕಿತು. ಪೈಪಿನಲ್ಲಿ ಹೊಸದೊಂದು ಎಳೆಯಲು ಅರ್ಧ ದಿನ ಹೋಯಿತು.

ಎರಡನೆಯದು ಇದಕ್ಕಿಂತ ಅಪಾಯದ್ದು, ಮತ್ತು ಸದ್ದಿಲ್ಲದ್ದು. ಮೇನ್ ಆಫ್ ಮಾಡಿ ಬ್ಯಾಟರಿಯಲ್ಲಿ ಓಡಿಸಿದಾಗ ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯಿತು. ಮೀಟರ್ ಹಿಡಿದರೆ ಫೇಸ್‌ನಿಂದ ಅರ್ಥಿಗೆ ನೂರಹದಿನೈದರ ಆಚೀಚೆ, ನ್ಯೂಟ್ರಲ್‌ನಿಂದ ಅರ್ಥಿಗೂ ಅಷ್ಟೇ. ಲೈನ್ ಇದ್ದಾಗ ನ್ಯೂಟ್ರಲ್ ಟಿಸಿಯ ಬುಡದಲ್ಲಿ ನೆಲಕ್ಕೆ ಸೇರಿರುತ್ತದೆ. ಇನ್ವರ್ಟರ್ ಲೈನಿನಿಂದ ಕಳಚಿಕೊಂಡ ಕೂಡಲೇ ಆ ನಂಟು ಹೋಗಿ ಎರಡೂ ತಂತಿ ತೇಲುತ್ತವೆ. ಆಗ ಫ್ರಿಜ್ಜಿನ ಮೈಗೆ ಫೇಸ್ ತಾಗಿದರೂ ಅರ್ಥ್ ಮೂಲಕ ವಾಪಸ್ ಬರುವ ದಾರಿ ಇಲ್ಲ, ಆರ್‌ಸಿಸಿಬಿ ಬೀಳುವುದಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ ಸರಿಯಿದೆ ಎಂದುಕೊಳ್ಳುವುದೂ ತಪ್ಪು: ಆ ಬಟನ್ನಿಗೆ ಅರ್ಥಿಂಗ್ ಬೇಕಿಲ್ಲ, ಒಳಗೇ ಸುತ್ತು ಹಾಕಿ ಬೀಳಿಸುತ್ತದೆ.

ಇನ್ವರ್ಟರಿನ ಸೆಟ್ಟಿಂಗಿನಲ್ಲಿ ನ್ಯೂಟ್ರಲ್-ಅರ್ಥ್ ರಿಲೇ ಎಂಬುದು ಆಫ್ ಇತ್ತು. ಆನ್ ಮಾಡಿದ ಮೇಲೆ ಬ್ಯಾಟರಿಯಲ್ಲಿ ಓಡುವಾಗ ಮಾತ್ರ ಅದು ನ್ಯೂಟ್ರಲನ್ನು ಅರ್ಥಿಗೆ ಸೇರಿಸುತ್ತದೆ, ಲೈನ್ ಬಂದಾಗ ಬಿಡುತ್ತದೆ. ಇದರ ಬದಲು ಡಿಬಿಯಲ್ಲಿ ಒಂದು ತುಂಡು ವೈರ್ ಹಾಕಿ ಖಾಯಂ ಸೇರಿಸುವವರಿದ್ದಾರೆ. ಲೈನ್ ಇರುವಾಗ ಊರಿನ ನ್ಯೂಟ್ರಲ್ ಕರೆಂಟೆಲ್ಲ ಆ ಮನೆಯ ಅರ್ಥ್ ಗುಂಡಿಗೆ ಇಳಿಯಲು ನೋಡುತ್ತದೆ. ಕೊನೆಗೆ ಬ್ಯಾಟರಿಯಲ್ಲಿ ಓಡುವಾಗಲೇ ಸಾಕೆಟ್ಟಿನ ಫೇಸ್ ಮತ್ತು ಅರ್ಥ್ ನಡುವೆ, ಹೋಲ್ಡರಿಗೆ ಹಾಕಿದ ಜೀರೋ ಬಲ್ಬ್ ಹಿಡಿದು ನೋಡಲಾಯಿತು. ಹೆಸರು ಜೀರೋ ಆದರೂ ಅದು 15 ವಾಟ್, 65 ಮಿಲಿ ಆಂಪ್ ಎಳೆಯುತ್ತದೆ. ಆರ್‌ಸಿಸಿಬಿ ಟಕ್ಕೆಂದು ಬಿತ್ತು. ಈ ಪರೀಕ್ಷೆ ಆಗದೆ ಬಿಲ್ಲು ಕೊಡಬಾರದು.

ಸೆಟ್ಟಿಂಗ್‌ಗಳು

ಮೊದಲ ವಾರ ಎರಡು ದೂರು ಬಂದವು. ಒಂದು, ಪರದೆಯಲ್ಲಿ ನೂರು ಪರ್ಸೆಂಟ್ ತೋರಿಸುತ್ತಿದ್ದದ್ದು ಗಂಟೆಯೊಳಗೆ ನಲವತ್ತಕ್ಕೆ ಜಿಗಿಯುತ್ತಿತ್ತು. ಇನ್ನೊಂದು, ಸಂಜೆ ಕರೆಂಟ್ ಹೋದ ಹೊತ್ತಿಗೆ ಬ್ಯಾಟರಿ ಖಾಲಿ.

ಜಿಗಿತಕ್ಕೆ ಕಾರಣ ಬ್ಯಾಟರಿ, ಇನ್ವರ್ಟರ್ ಮಾತಾಡುತ್ತಿರಲಿಲ್ಲ. ಬ್ಯಾಟರಿ ವಿಧ ಲೆಡ್ ಆಸಿಡ್ ಎಂದೇ ಉಳಿದಿತ್ತು, ಇನ್ವರ್ಟರ್ ವೋಲ್ಟೇಜ್ ನೋಡಿ ಪರ್ಸೆಂಟ್ ಊಹಿಸುತ್ತಿತ್ತು. ಈ ಜಾತಿಯ ಲಿಥಿಯಂ ಸೆಲ್ಲಿನ ವೋಲ್ಟೇಜ್ ಎಂಬತ್ತರಿಂದ ಇಪ್ಪತ್ತು ಪರ್ಸೆಂಟಿಗೆ ಇಳಿಯುವಷ್ಟರಲ್ಲಿ ಹದಿನಾರು ಸೆಲ್ ಸೇರಿ ಬದಲಾಗುವುದು ಒಂದೂಕಾಲು ವೋಲ್ಟಿನಷ್ಟು ಮಾತ್ರ. ಮಿಕ್ಸಿ ಹಾಕಿದರೆ ಅಷ್ಟೇ ಕುಸಿತ ಕಾಣುತ್ತದೆ. ಎರಡರ ಮಾತುಕತೆಗೆ ಬೇಕಾದ ಕ್ಯಾನ್ ಕೇಬಲ್ ಹಾಕಿದ್ದರು, ಆದರೆ ಮಾಮೂಲಿ ನೆಟ್‌ವರ್ಕ್ ಕೇಬಲ್. ಎರಡೂ ತುದಿಯ ಪ್ಲಗ್ ಒಂದೇ ಥರ ಕಂಡರೂ ಯಾವ ಪಿನ್ನಿನಲ್ಲಿ ಕ್ಯಾನ್ ಬರುತ್ತದೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಎರಡೂ ಕೈಪಿಡಿ ಎದುರಿಗಿಟ್ಟುಕೊಂಡು ಕ್ಯಾನ್-ಎಚ್, ಕ್ಯಾನ್-ಎಲ್ ಎರಡು ತಂತಿ ಮಾತ್ರ ಸರಿಯಾದ ಪಿನ್ನಿಗೆ ಕ್ರಿಂಪ್ ಮಾಡಿ, ಡಿಪ್ ಸ್ವಿಚ್ಚಿನ ವಿಳಾಸ, ಪ್ರೋಟೋಕಾಲ್ ಹೊಂದಿಸಿದ ಮೇಲೆ ಸೆಲ್ ತಾಪಮಾನವೂ ಪರದೆಯಲ್ಲಿ ಬಂತು. ಬಂದರೆ ಮಾತುಕತೆ ನಡೆದಿದೆ ಎಂದರ್ಥ. ಕ್ಯಾನ್ ಸತ್ತರೂ ಕೆಡದಂತೆ ವೋಲ್ಟೇಜ್‌ಗಳನ್ನೂ ತಿದ್ದಲಾಯಿತು: ಚಾರ್ಜಿಂಗ್ 56, ಫ್ಲೋಟ್ 54, ಕಟ್-ಆಫ್ 48, ಲೆಡ್ ಆಸಿಡ್‌ಗೆಂದು ಇರುವ ಈಕ್ವಲೈಸೇಶನ್ ಪೂರ್ತಿ ಬಂದ್.

ಸಂಜೆ ಖಾಲಿಯಾಗುತ್ತಿದ್ದದ್ದು ಕಾರ್ಖಾನೆಯ ಮೂಲ ಸೆಟ್ಟಿಂಗಿನಿಂದ. ಸ್ವಂತ ಬಳಕೆಗೆ ಆದ್ಯತೆ ಎಂದು ಇತ್ತು. ಮೇನ್ ಹತ್ತಿರದ ಸಿಟಿ (ತಂತಿಯ ಕರೆಂಟ್ ಅಳೆಯುವ ಬಳೆ) ನೋಡಿಕೊಂಡು ಬ್ಯಾಟರಿ, ಬ್ಯಾಕಪ್ಪಿನಲ್ಲಿಲ್ಲದ ಗೀಸರಿಗೂ 2 ಕಿಲೋವಾಟ್ ಕೊಡುತ್ತಿತ್ತು. ಎರಡೂಕಾಲು ಗಂಟೆಗೆ ಪ್ಯಾಕ್ ಬರಿದು. ಲೈನ್ ಇರುವಾಗ ಬ್ಯಾಟರಿಯನ್ನು ಮುಟ್ಟಬೇಡ ಎಂದು ರಿಸರ್ವ್ ಏರಿಸಲಾಯಿತು: ಜೂನ್‌ನಿಂದ ಅಕ್ಟೋಬರ್ 100, ಉಳಿದ ತಿಂಗಳು 80. ವರ್ಷವಿಡೀ ತುಂಬಿಟ್ಟರೆ ಸೆಲ್ ಬೇಗ ಮುದಿಯಾಗುತ್ತದೆ, ಅದಕ್ಕೆ ಬೇಸಗೆಯ 80. ತಿಂಗಳಿಗೊಮ್ಮೆ ಮಾತ್ರ ನೂರಕ್ಕೆ ಏರಿಸಿ ಕೆಲವು ಗಂಟೆ ಬಿಡಬೇಕು, ಸೆಲ್‌ಗಳು ಸಮವಾಗುವುದು ಮೇಲಿನ ತುದಿಯಲ್ಲೇ. ಗ್ರಿಡ್ ಚಾರ್ಜಿಂಗ್ ಆನ್, ಮಿತಿ 25 ಆಂಪ್. ಇದಕ್ಕಿಂತ ಹೆಚ್ಚಿಟ್ಟರೆ ಗೀಸರ್ ಜೊತೆ ಸೇರಿ ಲೈನಿನ ಮೇಲೆ ಭಾರ ಹೆಚ್ಚಾಗುತ್ತದೆ.

ಸಿಟಿ ತಿರುಗುಮುರುಗಾದರೆ ಇನ್ವರ್ಟರ್ ತರಿಸುವುದನ್ನು ಕಳಿಸುವುದೆಂದು ಓದುತ್ತದೆ. ಗೀಸರ್ ಹಾಕಿ ನೋಡಿ: ಪರದೆಯ ಗ್ರಿಡ್ ಅಂಕಿ 2 ಕಿಲೋವಾಟ್ ಏರಿದರೆ ಸರಿ, ಮೈನಸ್ಸಿಗೆ ಹೋದರೆ ಬಾಣದ ಗುರುತು ಉಲ್ಟಾ.

ಮಳೆಗಾಲ ಶುರುವಾದ ಮೇಲೆ ಇನ್ನೊಂದು ಕಂಡಿತು. ಕರೆಂಟ್ ಹೋಗಿಲ್ಲ, ಆದರೂ ಸಂಜೆ ಏಳರ ನಂತರ ಬ್ಯಾಟರಿ ಇಳಿಯುತ್ತದೆ. ಫೀಡರಿನ ಕೊನೆಯ ಮನೆ. ಆ ಹೊತ್ತಿಗೆ ವೋಲ್ಟೇಜ್ 180ಕ್ಕೆ ಬೀಳುತ್ತದೆ. 184ರ ಕೆಳಗೆ ಇಳಿದರೆ ಇನ್ವರ್ಟರ್ ಲೈನ್ ಇಲ್ಲವೆಂದೇ ತೀರ್ಮಾನಿಸುತ್ತದೆ, ನಿಯಮವೂ ಅದೇ. ಆ ಮಿತಿ ಬದಲಿಸಬೇಡಿ. ಮೊದಲು ಮೀಟರ್ ಬೋರ್ಡಿನ ಸಂದುಗಳು ಕಾದಿವೆಯೇ ನೋಡಿ, ಅವು ತಣ್ಣಗಿದ್ದರೆ ಅಳೆದ ವೋಲ್ಟೇಜನ್ನು ದಿನಾಂಕ, ಹೊತ್ತಿನ ಸಮೇತ ಬರೆದು ಸೆಕ್ಷನ್ ಆಫೀಸಿಗೆ ಕೊಡಿ. ಇಲ್ಲಿ ಸರ್ವಿಸ್ ವೈರಿನ ಹಳೆಯ ಅಲ್ಯುಮಿನಿಯಂ ಸುತ್ತು ಸಡಿಲವಾಗಿತ್ತು. ಅದನ್ನು ಲೈನ್‌ಮನ್ ಬಂದು ಕನೆಕ್ಟರ್ ಹಾಕಿ ಬಿಗಿದ ಮೇಲೆ ಹತ್ತಿಪ್ಪತ್ತು ವೋಲ್ಟ್ ಏರಿತು.

ಬಾವಿ ಪಂಪನ್ನೂ ಇದಕ್ಕೇ ಸೇರಿಸಬಹುದಲ್ಲ ಎಂಬ ಕೇಳಿಕೆ ಕೊನೆಯವರೆಗೂ ಇತ್ತು. 1 ಎಚ್‌ಪಿ ಪಂಪು ಓಡುವಾಗ ಎಳೆಯುವುದು 7 ಆಂಪ್, ಏಳುವಾಗ ಅದರ ಐದಾರು ಪಟ್ಟು. ಈ ಇನ್ವರ್ಟರ್ ಕ್ಷಣಕಾಲಕ್ಕೆ ಕೊಡಬಲ್ಲದ್ದು 26 ಆಂಪ್; ಪಂಪು ಏಳುವುದಿಲ್ಲ, ಇಡೀ ಮನೆ ಒಮ್ಮೆ ಆರಿಹೋಗುತ್ತದೆ. ದೊಡ್ಡ ಇನ್ವರ್ಟರ್, ಎರಡನೇ ಪ್ಯಾಕ್, ಹೊಸ ಮಂಜೂರಾತಿ ಎಂದು ಲೆಕ್ಕ ಏರುವ ಬದಲು ಮನೆಯ ಹಿಂದಿನ ದರೆಯ ಮೇಲೆ 1,000 ಲೀಟರಿನ ಇನ್ನೊಂದು ಟ್ಯಾಂಕ್ ಇಟ್ಟು, ಲೈನ್ ಇದ್ದಾಗಲೆಲ್ಲ ತುಂಬಿಸಿಡುವ ಫ್ಲೋಟ್ ಸ್ವಿಚ್ ಹಾಕಲಾಯಿತು.